ಕಾಲುವೆಯ ಕೊನೇ ಭಾಗಕ್ಕೆ ವೈ-ಫೈ

(ಗಂಗಾವತಿಯಲ್ಲಿ ಗ್ರಾಮ ಪಂಚಾಯ್ತಿ ಸದಸ್ಯರು, ಅರಿವು ಕೇಂದ್ರಗಳ (ಅಂದರೆ ಪಂಚಾಯ್ತಿ ಗ್ರಂಥಾಲಯಗಳ) ಮೇಲ್ವಿಚಾರಕರು ಮತ್ತು ಒಂದಿಷ್ಟು ಡಿಪ್ಲೊಮಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಜಾಗಗಳನ್ನು ತೆಗೆದಿದ್ದೇನೆ. ಮೈಕು ಕೈಕೊಟ್ಟ ಹತ್ತು ನಿಮಿಷವನ್ನೂ ತೆಗೆದಿದ್ದೇನೆ.)

ಇಂಟರ್ನೆಟ್ ಬಗ್ಗೆ ಮಾತಾಡಲು ಕರೆದಿದ್ದೀರಿ. ನಾನು ಕಾಲುವೆಯಿಂದ ಶುರು ಮಾಡುತ್ತೇನೆ. ಗಂಗಾವತಿಯಲ್ಲಿ ನಿಂತು ಕಾಲುವೆ ಬಗ್ಗೆ ಮಾತಾಡುವುದು ಸ್ವಲ್ಪ ಧೈರ್ಯದ ಕೆಲಸವೇ. ಯಾಕಂದರೆ ನೀವು ಮೇಲ್ಭಾಗದವರು.

ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ ಉದ್ದ. ಇಲ್ಲಿ ನೀವು ಎರಡು ಬೆಳೆ ಭತ್ತ ತೆಗೆಯುತ್ತೀರಿ. ಅದೇ ಕಾಲುವೆ ಮಾನ್ವಿ, ಸಿರವಾರದ ಕಡೆ ಹೋಗುವಷ್ಟರಲ್ಲಿ ರೈತರು ರಸ್ತೆಗೆ ಇಳಿದಿರುತ್ತಾರೆ. ಅವರು ಕೇಳುವುದು ಡ್ಯಾಮ್ ಎಷ್ಟು ತುಂಬಿದೆ ಅಂತ ಅಲ್ಲ. 69ನೇ ಮೈಲಿನ ಗೇಜ್, ಅಂದರೆ ಕಾಲುವೆಯಲ್ಲಿ ಅಲ್ಲಿನ ನೀರಿನ ಮಟ್ಟ, ಎಷ್ಟಿದೆ ಅಂತ ಕೇಳುತ್ತಾರೆ. ಡ್ಯಾಮ್ ತುಂಬಿದರೂ ಕೊನೇ ಭಾಗದ ಹೊಲಕ್ಕೆ ನೀರು ಮುಟ್ಟುತ್ತದೆ ಅನ್ನುವ ಗ್ಯಾರಂಟಿ ಇಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತು. ಕಾಲುವೆ ಇದೆ, ನಕಾಶೆಯಲ್ಲೂ ಇದೆ. ನೀರು ಮಾತ್ರ ಇಲ್ಲ.

ನಮ್ಮ ಹಳ್ಳಿಗಳ ಇಂಟರ್ನೆಟ್ ಕಥೆಯೂ ಇದೇ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ದೊಡ್ಡ ಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವುದು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. 2017ರ ಡಿಸೆಂಬರ್ ಹೊತ್ತಿಗೆ ಮೊದಲ ಹಂತದಲ್ಲಿ ಒಂದು ಲಕ್ಷ ಪಂಚಾಯ್ತಿ ಮುಟ್ಟಿತು. ಇದು ಸಣ್ಣ ಕೆಲಸವಲ್ಲ. ಇದನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ಫೈಬರ್ ಬಂದು ನಿಂತದ್ದು ಎಲ್ಲಿ? ಪಂಚಾಯ್ತಿ ಆಫೀಸಿನ ಗೋಡೆಯ ಮೇಲೆ, ಒಂದು ಡಬ್ಬಿಯಲ್ಲಿ. ಅದರ ಮೇಲೊಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಎದುರಿನ ಗ್ರಂಥಾಲಯಕ್ಕೆ ಅದರ ಸುದ್ದಿಯೇ ಇಲ್ಲ. ಮೂರು ಕಿ.ಮೀ ಆಚೆ ಇರುವ ತಾಂಡಾದ ಮಾತು ಬಿಡಿ.

ಅಂದರೆ ದೊಡ್ಡ ಕಾಲುವೆ ಆಗಿದೆ, ವಿತರಣಾ ಕಾಲುವೆಯೂ ಆಗಿದೆ. ಹೊಲಗಾಲುವೆ ಆಗಿಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಆ ಹೊಲಗಾಲುವೆಯ ಬಗ್ಗೆ. ಅದನ್ನು ತಂತಿಯಿಲ್ಲದೆ ಮಾಡಬಹುದು. ಕಡಿಮೆ ದುಡ್ಡಿನಲ್ಲೂ ಮಾಡಬಹುದು. ಆದರೆ ಊರಿಗೆ ನೀರು ಬಿಡಲು ನೀರುಗಂಟಿ ಇರುವ ಹಾಗೆ, ಅದನ್ನು ನೋಡಿಕೊಳ್ಳಲೂ ಒಬ್ಬ ನೀರುಗಂಟಿ ಬೇಕು.

ಮೊದಲು ಒಂದು ಅನುಮಾನ ತೀರಿಸಿಬಿಡುತ್ತೇನೆ. ಎಲ್ಲ ಮನೆಗೂ ಫೈಬರನ್ನೇ ಎಳೆದರೆ ಆಯ್ತಲ್ವಾ? ಎಳೆಯಬಹುದು. ಆದರೆ ನಮ್ಮ ಕಡೆ ಫೈಬರ್‌ಗೆ ಇರುವ ದೊಡ್ಡ ಶತ್ರು ಜೆಸಿಬಿ. ರಸ್ತೆ ಅಗಲ ಮಾಡುತ್ತಾರೆ, ಫೈಬರ್ ಕಟ್. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾಯಿತು, ಊರೂರಿನಲ್ಲಿ ನಲ್ಲಿ ಪೈಪಿಗೆ ಗುಂಡಿ ತೋಡಿದರು, ಮತ್ತೆ ಕಟ್. ಮೊದಲ ಹಂತದ ಫೈಬರನ್ನು ಹೆಚ್ಚಾಗಿ ಒಂದೇ ಸಾಲಿನಲ್ಲಿ ಎಳೆದಿದ್ದರು. ನಡುವೆ ಒಂದು ಕಡೆ ತುಂಡಾದರೆ ಆಚೆಯ ಊರುಗಳೆಲ್ಲ ಕತ್ತಲು. ಕಾಲುವೆ ಒಡೆದರೆ ಕೆಳಗಿನವರಿಗೆ ನೀರು ನಿಂತ ಹಾಗೆ. 2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ತಿದ್ದುಪಡಿ ಯೋಜನೆಯಲ್ಲಿ ಇದನ್ನು ಉಂಗುರದ ಆಕಾರಕ್ಕೆ ಬದಲಿಸುತ್ತಿದ್ದಾರೆ. ಒಂದು ಕಡೆ ತುಂಡಾದರೆ ಡೇಟಾ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಒಳ್ಳೆಯದೇ. ಆದರೆ ಆ ಉಂಗುರವೂ ಪಂಚಾಯ್ತಿ ತನಕ. ಅಲ್ಲಿಂದ ಮುಂದೆ ಇಪ್ಪತ್ತು ಮನೆಯ ತಾಂಡಾಕ್ಕೆ ಗುಂಡಿ ತೋಡಿ ಫೈಬರ್ ಹಾಕುವ ಲೆಕ್ಕ ಯಾವ ಕಂಪನಿಗೂ ಕೂಡಿ ಬರುವುದಿಲ್ಲ.

ಬ್ರಾಡ್‌ಬ್ಯಾಂಡ್ ಅನ್ನುವ ಪದದ್ದೇ ಒಂದು ತಮಾಷೆ ಇದೆ. 2004ರ ನೀತಿಯ ಪ್ರಕಾರ 256 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್ ಡೇಟಾ) ವೇಗ ಬಂದರೆ ಅದು ಬ್ರಾಡ್‌ಬ್ಯಾಂಡ್. ಆಮೇಲೆ 512 ಮಾಡಿದರು. 2023ರಿಂದ ಕನಿಷ್ಠ 2 ಎಂಬಿಪಿಎಸ್, ಅಂದರೆ ಸುಮಾರು 2,000 ಕೆಬಿಪಿಎಸ್ ಇರಬೇಕು. 2004ರ ಬ್ರಾಡ್‌ಬ್ಯಾಂಡ್‌ನಲ್ಲಿ ಇವತ್ತು ಪಹಣಿ ತೆಗೆಯುವಷ್ಟರಲ್ಲಿ ಚಹಾ ಕುಡಿದು ಬರಬಹುದು.

ತಂತಿಯಿಲ್ಲದೆ ಹಳ್ಳಿ ಮುಟ್ಟುವ ಪ್ರಯತ್ನ ಹೊಸದೇನಲ್ಲ. ಐಐಟಿ ಮದ್ರಾಸಿನ ಅಶೋಕ್ ಝುನ್‌ಝುನ್‌ವಾಲಾ ಮತ್ತು ಅವರ ತಂಡ 1990ರ ದಶಕದಲ್ಲೇ ಕಾರ್‌ಡೆಕ್ಟ್ ಅನ್ನುವ ವ್ಯವಸ್ಥೆ ಮಾಡಿದರು. ಗೋಪುರದಿಂದ ಸುಮಾರು 10 ಕಿ.ಮೀ ದೂರದ ಹಳ್ಳಿಗೆ ಫೋನು, ಜೊತೆಗೆ 35ರಿಂದ 70 ಕೆಬಿಪಿಎಸ್ ಇಂಟರ್ನೆಟ್. ಆ ಕಾಲಕ್ಕೆ ಅದು ದೊಡ್ಡದು. ಅದನ್ನು ನಂಬಿ ಹಳ್ಳಿಗಳಲ್ಲಿ ಕಿಯಾಸ್ಕ್, ಅಂದರೆ ಇಂಟರ್ನೆಟ್ಟಿನ ಸಣ್ಣ ಅಂಗಡಿ, ತೆರೆದರು. ಆಮೇಲೆ ಮೊಬೈಲ್ ಬಂತು, ಅದು ಹಿಂದೆ ಬಿತ್ತು.

ನನಗೆ ಹೆಚ್ಚು ಕಲಿಸಿದ್ದು ತಮಿಳುನಾಡಿನ ಥೇಣಿ. ಅಲ್ಲಿ ಅರವಿಂದ್ ಕಣ್ಣಿನ ಆಸ್ಪತ್ರೆ ಇದೆ. ಹಳ್ಳಿಯ ಅಜ್ಜಿ ಕಣ್ಣು ತೋರಿಸಲು ಆಸ್ಪತ್ರೆ ತನಕ ಬರಬಾರದು, ಹಳ್ಳಿಯಲ್ಲೇ ಒಂದು ಸಣ್ಣ ಕೇಂದ್ರ ಇರಬೇಕು, ಡಾಕ್ಟರ್ ವಿಡಿಯೋದಲ್ಲಿ ನೋಡಬೇಕು ಅನ್ನುವುದು ಅವರ ಆಸೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಎರಿಕ್ ಬ್ರೂವರ್ ಅವರ ತಂಡ ಇವರ ಜೊತೆ ಸೇರಿತು. 2005ರ ಆಸುಪಾಸಿನಲ್ಲಿ ಮನೆಯಲ್ಲಿ ಬಳಸುವ ವೈ-ಫೈಯನ್ನೇ ದೊಡ್ಡ ಆಂಟೆನಾಗೆ ಕಟ್ಟಿ, 15 ಕಿ.ಮೀ ದೂರದ ತನಕ ವಿಡಿಯೋ ಮುಟ್ಟಿಸಿದರು.

ವೈ-ಫೈ ನೂರು ಅಡಿ ದಾಟುವುದಿಲ್ಲವಲ್ಲ, 15 ಕಿ.ಮೀ ಹೇಗೆ ಹೋಯಿತು? ಎರಡು ತೊಂದರೆ ಇತ್ತು. ಒಂದನ್ನು ಆಂಟೆನಾ ನೋಡಿಕೊಂಡಿತು. ಮನೆಯ ರೂಟರ್ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವ ಬಲ್ಬ್ ಇದ್ದಂತೆ. ಡಿಶ್ ಆಂಟೆನಾ ಟಾರ್ಚ್ ಇದ್ದಂತೆ. ಅದೇ ಶಕ್ತಿ ಒಂದೇ ಕಡೆ ಹೋದರೆ ದೂರ ಹೋಗುತ್ತದೆ.

ಎರಡನೆಯ ತೊಂದರೆ ವೈ-ಫೈಯ ಸ್ವಭಾವದ್ದು. ಅದು ಒಂದು ತುಣುಕು ಡೇಟಾ ಕಳಿಸಿ, ಆ ಕಡೆಯಿಂದ 'ಬಂತು' ಅನ್ನುವ ಉತ್ತರಕ್ಕೆ ಕಾಯುತ್ತದೆ. ಕಾಯುವುದು ಸೆಕೆಂಡಿನ ಲಕ್ಷದಲ್ಲಿ ಕೆಲವು ಪಾಲು ಮಾತ್ರ. ಒಂದು ಕೋಣೆಯೊಳಗೆ ಅಷ್ಟು ಸಾಕು. 15 ಕಿ.ಮೀ ಹೋಗಲು ರೇಡಿಯೋ ಅಲೆಗೆ 50 ಮೈಕ್ರೋಸೆಕೆಂಡ್ ಬೇಕು, ವಾಪಸ್ ಬರಲು ಇನ್ನೊಂದು 50. ಅಷ್ಟರಲ್ಲಿ ಈ ಕಡೆಯದು ತಾಳ್ಮೆ ಕಳೆದುಕೊಂಡು ಅದೇ ತುಣುಕನ್ನು ಮತ್ತೆ ಕಳಿಸಿರುತ್ತದೆ. ಉತ್ತರ ದಾರಿಯಲ್ಲಿದೆ, ಇವನು ಮತ್ತೆ ಕೂಗುತ್ತಿದ್ದಾನೆ. ಕಾಲುವೆಯ ಆ ದಂಡೆಯವನೂ ಈ ದಂಡೆಯವನೂ ಒಟ್ಟಿಗೆ ಕೂಗಿದರೆ ಏನು ಕೇಳುತ್ತದೆ?

ಅವರು ಮಾಡಿದ್ದು ನೀವು ನಿಮ್ಮ ಹೊಲಕ್ಕೆ ಮಾಡುವುದನ್ನೇ. ಪಾಳಿ ಹಚ್ಚಿದರು. ಇಷ್ಟು ಹೊತ್ತು ಈ ಕಡೆಯ ಪಾಳಿ, ಇಷ್ಟು ಹೊತ್ತು ಆ ಕಡೆಯ ಪಾಳಿ. ಒಂದೊಂದು ತುಣುಕಿಗೂ ಉತ್ತರ ಕೇಳುವುದಿಲ್ಲ, ಒಂದಿಷ್ಟು ಕಳಿಸಿ ಒಟ್ಟಿಗೆ ಲೆಕ್ಕ ಕೇಳುತ್ತದೆ. ಇವತ್ತು ಅಂಗಡಿಯಲ್ಲಿ ಸಿಗುವ ಹೊರಾಂಗಣ ರೇಡಿಯೋಗಳಲ್ಲಿ (ಹಾಡು ಕೇಳುವ ರೇಡಿಯೋ ಅಲ್ಲ, ಡೇಟಾದ ಅಲೆ ಕಳಿಸುವ, ಹಿಡಿಯುವ ಡಬ್ಬಿ) ಈ ಪಾಳಿ ಪದ್ಧತಿ ಒಳಗೇ ಬಂದಿರುತ್ತದೆ. ಒಂದು ಜೊತೆ ರೇಡಿಯೋ ಒಂದು ಒಳ್ಳೆಯ ಸ್ಮಾರ್ಟ್‌ಫೋನಿನ ಬೆಲೆಗೆ ಬರುತ್ತದೆ. ಇನ್ನೊಂದು ಒಳ್ಳೆಯ ಸುದ್ದಿ ಅಂದರೆ, 2018ರಲ್ಲಿ ಸರ್ಕಾರ ವೈ-ಫೈ ಬಳಸುವ 5 ಗಿಗಾಹರ್ಟ್ಸ್ ತರಂಗಾಂತರದ ದೊಡ್ಡ ಭಾಗವನ್ನು ಹೊರಾಂಗಣದಲ್ಲೂ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಶಕ್ತಿಗೆ ಮಿತಿ ಇದೆ, ಒಪ್ಪಿಗೆ ಪಡೆದ ಉಪಕರಣವೇ ಆಗಬೇಕು. ತರಂಗಾಂತರ ಹರಾಜಿನ ತಲೆನೋವು ಪಂಚಾಯ್ತಿಗೆ ಇಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಕೊಪ್ಪಳ, ಗಂಗಾವತಿ ಕಡೆ ಎತ್ತ ನೋಡಿದರೂ ಬಂಡೆಗುಡ್ಡ. ಬಳ್ಳಾರಿಯಲ್ಲಿ ಊರ ನಡುವೆಯೇ ಗುಡ್ಡ. ಸಿಂಧನೂರು, ಮಾನ್ವಿ ಕಡೆ ಹೋದರೆ ಎರೆಭೂಮಿ, ರೊಟ್ಟಿಯ ಹಾಗೆ ಚಪ್ಪಟೆ. ಗುಡ್ಡ ಇದ್ದರೆ ಅರ್ಧ ಕೆಲಸ ಮುಗಿಯಿತು. ಇಲ್ಲದ ಕಡೆ ಎತ್ತರ ಎಲ್ಲಿಂದ ತರುವುದು? ಪ್ರತಿ ಊರಿನಲ್ಲೂ ಒಂದು ಓವರ್‌ಹೆಡ್ ಟ್ಯಾಂಕ್ ಇದೆ. ಅದೇ ನಮ್ಮ ಗೋಪುರ.

ಎದುರಿನ ಟ್ಯಾಂಕ್ ಕಣ್ಣಿಗೆ ಕಂಡರೆ ಸಾಕು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಸಾಲದು. ರೇಡಿಯೋ ಅಲೆ ದಾರದ ಹಾಗೆ ನೇರ ಹೋಗುವುದಿಲ್ಲ, ನಡುವೆ ಸೌತೆಕಾಯಿಯ ಹಾಗೆ ಉಬ್ಬುತ್ತದೆ. ಇದನ್ನು ಫ್ರೆನೆಲ್ ವಲಯ ಅನ್ನುತ್ತಾರೆ. 5.8 ಗಿಗಾಹರ್ಟ್ಸ್‌ನಲ್ಲಿ 10 ಕಿ.ಮೀ ದೂರಕ್ಕೆ ಈ ಉಬ್ಬು ನಡುಮಧ್ಯದಲ್ಲಿ ನೇರ ಗೆರೆಯಿಂದ ಕೆಳಕ್ಕೆ ಸುಮಾರು 11 ಮೀಟರ್. ಅದರಲ್ಲಿ ಕನಿಷ್ಠ 60 ಪರ್ಸೆಂಟ್, ಅಂದರೆ 7 ಮೀಟರ್ ಖಾಲಿ ಇರಬೇಕು. ಭೂಮಿಯ ಡೊಂಕಿಗೆ ಇನ್ನೊಂದು ಒಂದೂವರೆ ಮೀಟರ್ ಸೇರಿಸಿ. ಎರಡೂ ಕಡೆ 15 ಮೀಟರ್ ಟ್ಯಾಂಕ್ ಇದ್ದರೂ ನಡುವೆ ಆರೂವರೆ ಮೀಟರ್‌ಗಿಂತ ಎತ್ತರದ ಮರ ಇರಬಾರದು. ಅದೇ 5 ಕಿ.ಮೀ ಆದರೆ ಲೆಕ್ಕ ಸಡಿಲ. 10 ಮೀಟರ್ ಹತ್ತಿರದ ಮರ ಇದ್ದರೂ ಮೇಲಿಂದ ದಾಟಿ ಹೋಗುತ್ತದೆ. ಆದ್ದರಿಂದ ನಾನು ಚಪ್ಪಟೆ ನೆಲದಲ್ಲಿ 10 ಕಿ.ಮೀಯ ಒಂದು ಜಿಗಿತಕ್ಕಿಂತ 5 ಕಿ.ಮೀಯ ಎರಡು ಜಿಗಿತ ಮಾಡಿ ಅನ್ನುತ್ತೇನೆ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮನೆಯಲ್ಲಿ ಮಾಡಿ ನೋಡಿ.

ಮರದ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತವನು. ಕುಷ್ಟಗಿ ಕಡೆಯ ಒಂದು ಹಳ್ಳಿಯಲ್ಲಿ ಶಿವರಾತ್ರಿ ಹೊತ್ತಿಗೆ ಲಿಂಕ್ ಹಾಕಿದೆವು. ಸಿಗ್ನಲ್ ಎಂದರೆ ಸಿಗ್ನಲ್. ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಯುಗಾದಿ ಬಂತು, ಸಿಗ್ನಲ್ ಸ್ವಲ್ಪ ಇಳಿಯಿತು. ಮೊದಲ ಮಳೆ ಬಿತ್ತು, ಪೂರ್ತಿ ಹೋಯಿತು. ಎರಡು ದಿನ ಕೇಬಲ್ ಬದಲಿಸಿದೆ, ಕನೆಕ್ಟರ್ ಬದಲಿಸಿದೆ, ಸಾಫ್ಟ್‌ವೇರ್ ಬೈದೆ. ಕೊನೆಗೆ ಟ್ಯಾಂಕ್ ಹತ್ತಿ ಸುಮ್ನೆ ಕೂತು ನೋಡಿದಾಗ ಗೊತ್ತಾಯಿತು. ನಡುವೆ ಒಂದು ಬೇವಿನ ಗಿಡ. ಶಿವರಾತ್ರಿಗೆ ಎಲೆ ಉದುರಿಸಿ ಬೋಳಾಗಿ ನಿಂತಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಯುಗಾದಿಗೆ ಚಿಗುರಿತು. ಮಳೆಗೆ ಎಲೆ ತೊಯ್ದವು. ಒದ್ದೆ ಎಲೆ ಈ ಅಲೆಯನ್ನು ಕುಡಿದುಬಿಡುತ್ತದೆ.

ಒಂದು ಕೊಂಬೆ ಸವರಿದರೆ ಸಾಕು ಅಂತ ಕೇಳಿದೆ. ಗಿಡದ ಬುಡದಲ್ಲಿ ಕಟ್ಟೆ, ಕಟ್ಟೆಯ ಮೇಲೆ ದುರಗಮ್ಮ. ಒಬ್ಬ ಹಿರಿಯರು ಅಂದರು: "ಸರ, ನಿಮ್ಮ ನೆಟ್ ಇವತ್ತ ಬಂದೈತಿ, ಅಕಿ ನಮ್ಮಜ್ಜನ ಕಾಲದಾಗಿಂದ ಅದಾಳ." ವಾದ ಮಾಡಲು ಏನೂ ಉಳಿದಿರಲಿಲ್ಲ. ಕಂಬವನ್ನು ಕಿತ್ತು ಇನ್ನೂರು ಅಡಿ ಆಚೆಯ ಶಾಲೆಯ ಮೇಲೆ ಹಾಕಿದೆವು. ಅಂದಿನಿಂದ ನಾನು ಎಲೆ ಇಲ್ಲದ ಕಾಲದಲ್ಲಿ ಸರ್ವೆ ಮಾಡಿದರೂ ಎಲೆ ಇರುವಂತೆ ಲೆಕ್ಕ ಹಾಕುತ್ತೇನೆ.

ಗುಡ್ಡಗಳ ವಿಷಯದಲ್ಲೂ ಒಂದು ಎಚ್ಚರ. ನಮ್ಮ ಗುಡ್ಡಗಳನ್ನು ಸಂದೇಶ ಸಾರಲು ಮೊದಲು ಆರಿಸಿದವನು ಅಶೋಕ. ಕೊಪ್ಪಳದಲ್ಲಿ ಗವಿಮಠದ ಬಂಡೆ, ಪಲ್ಕಿಗುಂಡು, ಆಚೆ ಮಸ್ಕಿ. ಮಸ್ಕಿ ಶಾಸನ 1915ರಲ್ಲಿ ಸಿಕ್ಕಿತು, ಅದರಲ್ಲಿ ಅವನ ಹೆಸರೇ ಇದೆ. ಒಳ್ಳೆಯ ಎತ್ತರದ ಜಾಗಗಳು, ಅವನ ಆಯ್ಕೆಯಲ್ಲಿ ತಪ್ಪಿಲ್ಲ! ಆದರೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದೇನೂ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್ ಒಪ್ಪಿಗೆ ಬೇಕು. ಆನೆಗೊಂದಿ ಕಡೆ ಹಂಪಿ ವಿಶ್ವ ಪರಂಪರೆ ಪ್ರದೇಶದ ನಿಯಮಗಳೂ ಸೇರುತ್ತವೆ. ಮೊದಲೇ ಕೇಳಿಕೊಳ್ಳಿ. ಆ ಕಡೆ ಮಂಗಗಳೂ ಇವೆ. ಅವು ಯಾರ ಒಪ್ಪಿಗೆಯನ್ನೂ ಕೇಳದೆ ಕೇಬಲ್ ಎಳೆಯುತ್ತವೆ. ಕೇಬಲನ್ನು ಕಬ್ಬಿಣದ ಪೈಪಿನೊಳಗೆ ಹಾಕಿ.

ಇನ್ನು ಕರೆಂಟು. ಥೇಣಿಯ ತಂಡ 2008ರಲ್ಲಿ ತಮ್ಮ ಅನುಭವ ಬರೆಯಿತು. ರೇಡಿಯೋಗಿಂತ ಹೆಚ್ಚು ತೊಂದರೆ ಕೊಟ್ಟಿದ್ದು ಕೆಟ್ಟ ಕರೆಂಟು ಅಂತ ಅದರಲ್ಲಿದೆ. ವೋಲ್ಟೇಜ್ ಒಮ್ಮೆಲೇ ಏರಿ ಇಳಿದು ಉಪಕರಣ ಸುಡುತ್ತದೆ. ನಮ್ಮ ಅನುಭವವೂ ಅಷ್ಟೇ. ಇದಕ್ಕೆ ಪರಿಹಾರ ಕಷ್ಟವಿಲ್ಲ, ಯಾಕಂದರೆ ಈ ರೇಡಿಯೋಗಳ ಹೊಟ್ಟೆ ಸಣ್ಣದು. ಒಂದು ರೇಡಿಯೋ ಸುಮಾರು 8 ವ್ಯಾಟ್ ತಿನ್ನುತ್ತದೆ, ಒಂದು ಎಲ್‌ಇಡಿ ಬಲ್ಬಿನಷ್ಟು. ದಿನಕ್ಕೆ 192 ವ್ಯಾಟ್-ಅವರ್. ನಮ್ಮ ಕಡೆಯ ಬಿಸಿಲಿಗೆ 100 ವ್ಯಾಟ್‌ನ ಒಂದು ಸೋಲಾರ್ ಪ್ಲೇಟ್ ಇದರ ಎರಡರಷ್ಟು ಕೊಡುತ್ತದೆ. ರಾಯಚೂರಿನ ಬಿಸಿಲನ್ನು ಬೈಯುವವರು ಇದೊಂದನ್ನು ಜಮಾ ಹಿಡಿಯಿರಿ. 12 ವೋಲ್ಟ್, 40 ಆಂಪಿಯರ್-ಅವರ್‌ನ ಬ್ಯಾಟರಿ ಅರ್ಧ ಖಾಲಿಯಾಗುವ ತನಕ ಒಂದು ದಿನ ಚೆನ್ನಾಗಿ ನಡೆಯುತ್ತದೆ. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಬೇಗ ಸಾಯುತ್ತದೆ. ಮತ್ತೆ ಅರ್ತಿಂಗ್. ಟ್ಯಾಂಕಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಅರ್ತಿಂಗ್ ಮರೆತರೆ ಸಿಡಿಲಿಗೆ ನೀವೇ ಪತ್ರ ಬರೆದು ಕರೆದ ಹಾಗೆ.

ಸರಿ, ತಾಂಡಾದ ಶಾಲೆಯ ಮೇಲೆ ಡೇಟಾ ಬಂತು. ಅದನ್ನು ಜನರಿಗೆ ಹಂಚುವವರು ಯಾರು? ಇಂಟರ್ನೆಟ್ ಮಾರಲು ಲೈಸೆನ್ಸ್ ಬೇಕು. ಇದಕ್ಕೊಂದು ದಾರಿಯನ್ನು 2020ರ ಡಿಸೆಂಬರ್‌ನಲ್ಲಿ ತೆರೆದರು. ಹೆಸರು ಪಿಎಂ-ವಾಣಿ. ಇದರಲ್ಲಿ ಕಿರಾಣಿ ಅಂಗಡಿಯವರು, ಚಹಾದಂಗಡಿಯವರು ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ, ಶುಲ್ಕವಿಲ್ಲದೆ ವೈ-ಫೈ ಹಂಚಬಹುದು. ಐದು, ಹತ್ತು ರೂಪಾಯಿಯ ವೋಚರ್ ಮಾರಬಹುದು. ಯಾರು ಬಳಸಿದರು ಅನ್ನುವ ಲೆಕ್ಕ, ಒಟಿಪಿ, ಇವನ್ನೆಲ್ಲ ಇನ್ನೊಂದು ಸಂಯೋಜಕ ಕಂಪನಿ ನೋಡಿಕೊಳ್ಳುತ್ತದೆ. ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ನೆನಪಿದೆಯಾ? ಅದರ ಮೊಮ್ಮಗ ಇದು.

ವೈ-ಫೈ ಹಂಚುವ ಆ ಅಂಗಡಿಗೆ ಸರ್ಕಾರ ಇಟ್ಟ ಹೆಸರು ಪಬ್ಲಿಕ್ ಡೇಟಾ ಆಫೀಸ್. ಚಿಕ್ಕದಾಗಿ ಪಿಡಿಒ. ನೀವು ನಗುತ್ತಿದ್ದೀರಿ. ನಮ್ಮ ರಾಜ್ಯದಲ್ಲಿ ಪಿಡಿಒ ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ಒಂದು ಊರಲ್ಲಿ "ನೀವೂ ಪಿಡಿಒ ಆಗಬಹುದು" ಅಂತ ಕರಪತ್ರ ಹಂಚಿದಾಗ ಇಬ್ಬರು ಹುಡುಗರು ಡಿಗ್ರಿ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಬಂದರು.

ಪಿಎಂ-ವಾಣಿ ನಿರೀಕ್ಷಿಸಿದಷ್ಟು ಬೆಳೆಯಲಿಲ್ಲ ಅನ್ನುವುದನ್ನೂ ಹೇಳಬೇಕು. 2022ರೊಳಗೆ ಒಂದು ಕೋಟಿ ಸಾರ್ವಜನಿಕ ವೈ-ಫೈ ಜಾಗ ಅಂತ 2018ರ ದೂರಸಂಪರ್ಕ ನೀತಿಯಲ್ಲಿ ಬರೆದಿದ್ದರು. 2025 ಬಂದರೂ ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಒಂದು ಕಾರಣ, ಅಂಗಡಿಯವನಿಗೆ ಕಂಪನಿಗಳು ಸಾಮಾನ್ಯ ಮನೆ ಕನೆಕ್ಷನ್ ಕೊಡದೆ ದುಬಾರಿ ಲೀಸ್ಡ್ ಲೈನ್ (ಒಬ್ಬರಿಗೇ ಮೀಸಲಾದ ಲೈನ್) ಹಾಕಿಸಿಕೊ ಅಂದವು. ಕೊನೆಗೆ 2025ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಒಂದು ಮಿತಿ ಹಾಕಿತು. 200 ಎಂಬಿಪಿಎಸ್‌ವರೆಗಿನ ಕನೆಕ್ಷನ್‌ಗೆ ಮನೆಯ ಫೈಬರ್ ದರದ ಎರಡು ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಇನ್ನೊಂದು ಕಾರಣ ಎಲ್ಲರಿಗೂ ಗೊತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾ ಅಗ್ಗವಾಯಿತು. ಸಿಗ್ನಲ್ ಇರುವ ಊರಲ್ಲಿ ವೈ-ಫೈ ಯಾರಿಗೆ ಬೇಕು?

ಹಾಗಾದರೆ ಈ ಉಸಾಬರಿ ಯಾಕೆ? ಸಿಗ್ನಲ್ ಇಲ್ಲದ ಊರಿಗಾಗಿ. ಸಂಜೆ ಏಳಕ್ಕೆ ಸಿಗ್ನಲ್ ಇದ್ದೂ ಏನೂ ತೆರೆಯದ ಊರಿಗಾಗಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ 'ಸರ್ವರ್ ಬಿಜಿ' ಅಂತ ಕೂತವರಿಗಾಗಿ. ಅರ್ಧ ಸಲ ಅದು ಸರ್ವರ್ ಅಲ್ಲ, ಆ ಮಶೀನಿನೊಳಗಿನ ಸಿಮ್‌ಗೆ ಸಿಗ್ನಲ್ ಸಿಕ್ಕಿರುವುದಿಲ್ಲ. 2023ರ ಜನವರಿಯಿಂದ ನರೇಗಾ ಹಾಜರಿಗೆ ದಿನಕ್ಕೆ ಎರಡು ಸಲ ಫೋಟೋ ಕಡ್ಡಾಯ ಮಾಡಿದಾಗ, ಆ ಫೋಟೋ ಹೋಗದೆ ಮಾಡಿದ ಕೂಲಿಗೆ ಚಿಂತೆ ಪಟ್ಟವರು ಇಲ್ಲೇ ಇದ್ದೀರಿ. ಸರ್ಕಾರ ಎಲ್ಲವನ್ನೂ ಆನ್‌ಲೈನ್ ಮಾಡಿ, ಲೈನ್ ಮಾತ್ರ ನೀವೇ ಹುಡುಕಿಕೊಳ್ಳಿ ಅಂದರೆ ಹೇಗೆ?

5ಜಿ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಪೇಟೆಯ ಮಾಳಿಗೆಗಳ ಮೇಲೆ ಏರ್‌ಫೈಬರ್ ಡಬ್ಬಿ ಬಂದಿವೆ, ಗೋಪುರದ 5ಜಿ ಹಿಡಿದು ಮನೆಗೆ ವೈ-ಫೈ ಕೊಡುವಂಥವು. ಚೆನ್ನಾಗಿದೆ, ಸಿಗುವ ಕಡೆ ಹಾಕಿಸಿಕೊಳ್ಳಿ. ಕಂಪನಿಯ ಗೋಪುರ ಹತ್ತಿರ ಇರಬೇಕು ಅಷ್ಟೇ. ಉಪಗ್ರಹವೂ ಬರುತ್ತಿದೆ. ಹಳೆಯ ಉಪಗ್ರಹ 35,786 ಕಿ.ಮೀ ಮೇಲೆ, ಹೊಸವು ಅದಕ್ಕಿಂತ ತುಂಬಾ ಕೆಳಗೆ, ಆದ್ದರಿಂದ ಮಾತು ಅಷ್ಟು ತಡವಾಗುವುದಿಲ್ಲ. ನಡುಗುಡ್ಡೆಯಂಥ ಊರಿಗೆ ಅದು ಸರಿ. ಟ್ಯಾಂಕಿನಿಂದ ಟ್ಯಾಂಕಿಗೆ ಮುಟ್ಟುವ ತಾಂಡಾಕ್ಕೆ ಆಕಾಶ ಸುತ್ತಿ ಬರುವ ಅಗತ್ಯ ನನಗೆ ಕಾಣುವುದಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಕೊಡುತ್ತೇನೆ.

ಒಬ್ಬ ಸದಸ್ಯೆ ಕೇಳಿದರು: ಶಾಲೆಯ ಮೇಲೆ ಹಾಕಿದರೆ ಮಕ್ಕಳಿಗೆ ರೇಡಿಯೇಷನ್ ತೊಂದರೆ ಇಲ್ವಾ? ಈ ರೇಡಿಯೋ ಹೊರಗೆ ಬಿಡುವ ಶಕ್ತಿ ಒಂದು ವ್ಯಾಟ್ ಒಳಗೆ. ಮೊಬೈಲ್ ಗೋಪುರದ್ದು ಹತ್ತಾರು ವ್ಯಾಟ್. ಆ ಗೋಪುರಗಳಿಗೂ ನಮ್ಮ ದೇಶ 2012ರಲ್ಲಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲನ್ನೇ ಮಿತಿ ಮಾಡಿಕೊಂಡಿತು. ಡಿಶ್ ಬೇರೆ ಊರಿನ ಕಡೆ ಮುಖ ಮಾಡಿರುತ್ತದೆ, ಕೆಳಗಿನ ತರಗತಿಯ ಕಡೆ ಅಲ್ಲ. ನಾನು ಮಕ್ಕಳ ವಿಷಯದಲ್ಲಿ ಹೆಚ್ಚು ಹೆದರುವುದು ಸರಿಯಾಗಿ ಬಿಗಿಯದ ಕಂಬಕ್ಕೆ.

ಎರಡನೆಯದು ಹಿಂದಿನ ಸಾಲಿನಿಂದ ಬಂತು. ಅಲ್ಲಿ ಕೂತಿದ್ದವರು ಒಂದು ಪಂಚಾಯ್ತಿಯ ನಿಜವಾದ ನೀರುಗಂಟಿ. ಟ್ಯಾಂಕ್ ತುಂಬಿಸುವವರು, ವಾಲ್ವ್ ತಿರುಗಿಸುವವರು. ನಾನು ಮಾತಿಗೆ ಬಳಸಿದ ಹೋಲಿಕೆಯನ್ನು ಅವರು ಅಕ್ಷರಶಃ ತೆಗೆದುಕೊಂಡಿದ್ದರು. ತೆಗೆದುಕೊಂಡದ್ದೇ ಸರಿ. ಏಣಿ ಹತ್ತಿ ಆ ಟ್ಯಾಂಕಿನ ಮೇಲೆ ಹೋಗುವ ಒಬ್ಬನೇ ಮನುಷ್ಯ ಅವರು. ಬ್ಯಾಟರಿಗೆ ನೀರು ಹಾಕುವುದು, ಪ್ಲೇಟಿನ ಧೂಳು ಒರೆಸುವುದು, ದೀಪ ಹಸಿರೋ ಕೆಂಪೋ ನೋಡಿ ಫೋನ್ ಮಾಡುವುದು, ಇಷ್ಟು ಮಾಡಿದರೆ ಲಿಂಕ್ ವರ್ಷಗಟ್ಟಲೆ ನಡೆಯುತ್ತದೆ ಅಂತ ನಾನು ಹೇಳಿದೆ.

"ಮಾಡ್ತೀನ್ರಿ," ಅಂದರು. "ಅದಕ್ಕ ಪಗಾರ ಜಾಸ್ತಿ ಮಾಡ್ತಾರೇನ್ರಿ?"

ಎಲ್ಲರೂ ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಪಂಚಾಯ್ತಿ ಅಧ್ಯಕ್ಷರ ಕಡೆ ತಿರುಗಿದರು. ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯ ಇಡೋಣ ಅಂತ ಅಧ್ಯಕ್ಷರು ಅಂದರು. ತಾರೀಖು ಯಾವುದು ಅಂತ ನೀರುಗಂಟಿ ಅಲ್ಲೇ ಕೇಳಿ ಬರೆದುಕೊಂಡರು.